ನಿನ್ನ ಆಲ್ಬಂ ಕಳಿಸುತ್ತಿದ್ದೇನೆ, ಪುಟ್ಟಿ

ಪುಟ್ಟಿ,

ಮಕ್ಕಳ ಬೇಸಿಗೆ ರಜೆಗೆ ನೀನು ಹಾಕಿರುವ ವೇಳಾಪಟ್ಟಿ ತಲುಪಿತು. ಬೆಳಿಗ್ಗೆ ಈಜು, ತಿಂಡಿಯಾದ ಮೇಲೆ ಚಿತ್ರಕಲೆ, ಆಮೇಲೆ ಅಬಾಕಸ್, ಮಧ್ಯಾಹ್ನ ಕೋಡಿಂಗ್, ಸಂಜೆ ಕೀಬೋರ್ಡ್. ಭಾನುವಾರವನ್ನೂ ಬಿಡದೆ ಚೆಸ್. ಕೊನೆಯಲ್ಲಿ 'ಹೇಗಿದೆ ದೊಡ್ಡಮ್ಮಾ?' ಎಂದು ಕೇಳಿದ್ದೀಯೆ. ಕೇಳಿದೆಯೆಂದೇ ಹೇಳುತ್ತಿದ್ದೇನೆ, ಇಲ್ಲದಿದ್ದರೆ ನಿಮ್ಮ ಮನೆಯ ವಿಷಯಕ್ಕೆ ಬಾಯಿ ಹಾಕುವವಳಲ್ಲ ನಾನು. ಫೋನಿನಲ್ಲಾದರೆ ಒಂದು ಕಿವಿ ನನ್ನ ಕಡೆ, ಇನ್ನೊಂದು ಕುಕ್ಕರಿನ ಕಡೆ ಇಟ್ಟುಕೊಂಡು ಕೇಳುತ್ತೀಯೆ. ಅದಕ್ಕೇ ಈ ಕಾಗದ. ರಾತ್ರಿ ಪಾತ್ರೆ ತೊಳೆದಾದ ಮೇಲೆ, ಮಕ್ಕಳು ಮಲಗಿದ ಮೇಲೆ ಓದು.

ಪಟ್ಟಿ ಮಾಡಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಹೋಗುವ ಮನೆ ನಿಮ್ಮದು. ಕೆಳಗಿಳಿದರೆ ರಸ್ತೆ, ಮೇಲೆ ಹತ್ತಿದರೆ ಬೀಗ ಹಾಕಿದ ತಾರಸಿ. ಮಕ್ಕಳನ್ನು ಇಡೀ ದಿನ ಯಾರಾದರೂ ನೋಡಿಕೊಳ್ಳಲೇಬೇಕು. ಒಳ್ಳೆಯ ಶಿಬಿರಗಳೂ ಇವೆ. ಮೈಸೂರಿನ ರಂಗಾಯಣದಲ್ಲಿ ಬೇಸಿಗೆಯ 'ಚಿನ್ನರ ಮೇಳ' ನಡೆಯುತ್ತದಲ್ಲ, ಅಂಥವುಗಳ ಬಗ್ಗೆ ನನಗೆ ಬಹಳ ಗೌರವ. ಮಕ್ಕಳಿಗೆ ನಾಟಕ ಕಲಿಸುತ್ತಾರೆಂಬುದಷ್ಟೇ ಅದಕ್ಕೆ ಕಾರಣವಲ್ಲ. ಅಲ್ಲಿ ಮಕ್ಕಳ ಸುತ್ತ ಓಡಾಡುವವರು ರಂಗದ ಮೇಲೇ ಬದುಕು ಕಟ್ಟಿಕೊಂಡವರು. ಮಕ್ಕಳು ಮನೆಗೆ ಹೋದ ಮೇಲೂ ಅವರ ತಲೆಯಲ್ಲಿ ನಾಟಕವೇ ಓಡುತ್ತಿರುತ್ತದೆ. ಅಂಥವರ ಪಕ್ಕದಲ್ಲಿ ಒಂದು ತಿಂಗಳು ಇದ್ದುಬರುವುದೇ ಮಗುವಿಗೆ ದೊಡ್ಡ ಭಾಗ್ಯ.

ನನ್ನ ಮನಸ್ಸಿಗೆ ಕಸಿವಿಸಿಯಾದದ್ದು ಬೇರೆಯದಕ್ಕೆ. ಆ ಪಟ್ಟಿಯಲ್ಲಿ ನಿನ್ನ ಹೆಸರು ಬರುವುದು ಬಿಡುವುದಕ್ಕೆ, ಕರೆದುಕೊಂಡು ಬರುವುದಕ್ಕೆ, ಡಬ್ಬಿ ಕಟ್ಟುವುದಕ್ಕೆ. ಮಕ್ಕಳಿಗೆ ಹವ್ಯಾಸ ಬೇಕೆಂದು ಇಷ್ಟು ಓಡಾಡುತ್ತೀಯಲ್ಲ, ನಿನ್ನ ಹವ್ಯಾಸ ಎಲ್ಲಿ ಹೋಯಿತು? ಅದು ಎಲ್ಲಿದೆಯೆಂದು ನನಗೆ ಗೊತ್ತು. ನಮ್ಮ ಅಟ್ಟದ ಟ್ರಂಕಿನಲ್ಲಿದೆ, ನೀಲಿ ರಟ್ಟಿನ ಆಲ್ಬಂ.

ಬೇಸಿಗೆಯೆಂದರೆ ಹಿಂದೆ ಎಲ್ಲರಿಗೂ ಬಿಡುವಿರುತ್ತಿತ್ತು, ಈಗ ಮಾತ್ರ ಗಡಿಬಿಡಿ ಎಂದು ಕೆಲವರು ಮಾತಾಡುತ್ತಾರೆ. ಮಲೆನಾಡಿನಲ್ಲಿ ಬೇಸಿಗೆ ಕಳೆದವರು ಯಾರೂ ಹಾಗೆ ಹೇಳಲಾರರು. ಮಳೆ ಹಿಡಿಯುವುದರೊಳಗೆ ಸೌದೆ ಒಡೆಸಿ ಒಟ್ಟಬೇಕು, ತೋಟಕ್ಕೆ ದರಕು ಗುಡಿಸಿ ತರಬೇಕು, ಅಪ್ಪೆಮಿಡಿ ಬಂತೆಂದರೆ ತೊಟ್ಟು ಮುರಿಯುವ ಮೊದಲೇ ಉಪ್ಪಿಗೆ ಹಾಕಬೇಕು. ಹಲಸಿನ ಹಪ್ಪಳದ ದಿನವಂತೂ ಮನೆಗೆ ಮನೆಯೇ ಎದ್ದು ನಿಲ್ಲುತ್ತಿತ್ತು: ಸೊಳೆ ಬಿಡಿಸುವವರು, ಬೇಯಿಸುವವರು, ಒರಳಿನ ಮುಂದೆ ಕೂತವರು, ಒತ್ತುವವರು, ಚಾಪೆಯ ಮೇಲೆ ಹರವುವವರು. ನಿಮ್ಮಂಥ ಮಕ್ಕಳು ಕಾಗೆ ಕಾಯುವ ನೆಪದಲ್ಲಿ ಹಿಟ್ಟಿನ ಉಂಡೆಗೆ ಕೊಬ್ಬರಿ ಎಣ್ಣೆ ಹಾಕಿಕೊಂಡು ತಿನ್ನುತ್ತಿದ್ದಿರಿ. ನಾವು ದೊಡ್ಡವರು ಬೆಳಗಿನಿಂದ ಬೈಗಿನವರೆಗೆ ಕೂತದ್ದೇ ಇಲ್ಲ. ಆದರೆ ನಮ್ಮ ಕೆಲಸ, ನಿಮ್ಮ ಆಟ ಎರಡೂ ನಡೆಯುತ್ತಿದ್ದುದು ಒಂದೇ ಅಂಗಳದಲ್ಲಿ. ನಾವು ಏನು ಮಾಡುತ್ತಿದ್ದೇವೆಂದು ನಿಮಗೆ ಕಾಣುತ್ತಿತ್ತು. ಬೇಕೆನಿಸಿದರೆ ಬಂದು ಕೈ ಹಾಕುತ್ತಿದ್ದಿರಿ, ಬೇಸರವಾದರೆ ಎದ್ದು ಓಡುತ್ತಿದ್ದಿರಿ. ಈಗ ನಿಮ್ಮ ಮನೆಯಲ್ಲಿ ನೀನು ಮಾಡುವ ಕೆಲಸ ಮಕ್ಕಳಿಗೆ ಕಾಣುವುದಿಲ್ಲ. ಅವರಿಗೆ ಕಾಣುವುದು ಲ್ಯಾಪ್‌ಟಾಪಿನ ಹಿಂಬದಿ, ಅದರಾಚೆ ನಿನ್ನ ಹಣೆಯ ಗಂಟು.

ನಿನಗೆ ಅಂಚೆಚೀಟಿಯ ಹುಚ್ಚು ಹಿಡಿದದ್ದು ಹೇಗೆಂದು ನೆನಪು ಮಾಡಿಕೊ. ಯಾರೂ ನಿನ್ನನ್ನು ಕೂರಿಸಿ ಕಲಿಸಲಿಲ್ಲ.

ಸಂಜೆ ಸ್ನಾನ ಮಾಡಿ, ದೀಪ ಹಚ್ಚಿದ ಮೇಲೆ ನಿನ್ನ ದೊಡ್ಡಪ್ಪ ಜಗಲಿಯಲ್ಲಿ ರೇಡಿಯೊ ಇಟ್ಟುಕೊಂಡು ಕೂರುತ್ತಿದ್ದರು. ಮಾಡಿನಿಂದ ಹಿತ್ತಲಿನ ತೆಂಗಿನ ಮರಕ್ಕೆ ತಾಮ್ರದ ತಂತಿ ಎಳೆದಿತ್ತಲ್ಲ, ಅದೇ ಅವರ ಏರಿಯಲ್. ಶಾರ್ಟ್‌ವೇವ್‌ನಲ್ಲಿ ಮುಳ್ಳನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ದೂರದ ಸ್ಟೇಷನ್ನು ಹಿಡಿಯುವುದು, ಪುಸ್ತಕದಲ್ಲಿ ದಿನಾಂಕ, ಗಂಟೆ, ಮೀಟರು ಬರೆಯುವುದು. ಆ ಮೇಲೆ ಐದು ಅಂಕಿ: ಸದ್ದಿನ ಬಲ ಎಷ್ಟು, ಪಕ್ಕದ ಸ್ಟೇಷನ್ನಿನ ಕಾಟ ಎಷ್ಟು, ಕರಕರ ಎಷ್ಟು, ಏರಿಳಿತ ಎಷ್ಟು, ಒಟ್ಟಿನಲ್ಲಿ ಕೇಳಿಸಿದ್ದು ಹೇಗೆ. ಒಂದೊಂದಕ್ಕೂ ಒಂದರಿಂದ ಐದರೊಳಗೆ ಅಂಕ. ಆ ವರದಿಯನ್ನು ಸ್ಟೇಷನ್ನಿಗೆ ಬರೆದು ಕಳಿಸಿದರೆ, ಅವರು ತಾಳೆ ನೋಡಿ, ಹೌದು ನೀವು ಕೇಳಿದ್ದು ನಮ್ಮನ್ನೇ ಎಂದು ಒಂದು ಕಾರ್ಡು ಕಳಿಸುತ್ತಿದ್ದರು. ಕ್ಯೂಎಸ್‌ಎಲ್ ಕಾರ್ಡು ಅಂತ ಅದಕ್ಕೆ. ಜಪಾನಿನಿಂದ, ಜರ್ಮನಿಯಿಂದ, ನೆದರ್ಲೆಂಡಿನಿಂದ ಬಂದ ಕಾರ್ಡುಗಳು ಈಗಲೂ ಇವೆ. ರೇಡಿಯೊ ಮಾಸ್ಕೋ ಆಗ ಕನ್ನಡದಲ್ಲೂ ಪ್ರಸಾರ ಮಾಡುತ್ತಿತ್ತು. ಅಷ್ಟು ದೂರದ ಚಳಿಯ ಊರಿನಿಂದ ನಮ್ಮ ಭಾಷೆ ನಮ್ಮ ಜಗಲಿಗೆ ಬಂದು ಬೀಳುವುದು ನಿನಗೆ ಪವಾಡದಂತೆ ಕಾಣುತ್ತಿತ್ತು. 'ಹಗಲು ಯಾಕೆ ಬರಲ್ಲ ದೊಡ್ಡಪ್ಪಾ?' ಎಂದು ಕೇಳಿದೆ. ಹೊತ್ತು ಮುಳುಗಿದ ಮೇಲೆ, ಆಕಾಶದ ಎತ್ತರದಲ್ಲಿ ರೇಡಿಯೊ ಅಲೆ ನುಂಗುವ ಪದರವೊಂದು ಕರಗಿಹೋಗುತ್ತದೆ, ಆಗ ಅಲೆಗಳು ಅದಕ್ಕೂ ಮೇಲಿನ ಪದರಕ್ಕೆ ತಾಗಿ, ಭೂಮಿಗೆ ಇಳಿದು, ಮತ್ತೆ ನೆಗೆದು ದೂರದೂರಕ್ಕೆ ಹೋಗುತ್ತವೆ ಎಂದು ಅವರು ಹೇಳಿದರು. ಹೇಳುವಾಗಲೂ ಕೈ ರೇಡಿಯೊ ತಿರುಪಿನ ಮೇಲೇ ಇತ್ತು. ಪಾಠ ಅಷ್ಟೇ. ಆದರೆ ಆ ಲಕೋಟೆಗಳ ಮೇಲಿನ ಅಂಚೆಚೀಟಿ ಅವರಿಗೆ ಬೇಡವಾಗಿತ್ತು, ನಿನಗೆ ಬೇಕಾಗಿತ್ತು.

ನನ್ನ ಮನಸ್ಸಿನಲ್ಲಿ ನಿನ್ನನ್ನು ರಂಗೋಲಿಗೆ ಎಳೆದುಕೊಳ್ಳುವ ಆಸೆ ಇತ್ತು. ನನ್ನ ರಂಗೋಲಿ ಪುಸ್ತಕ ತೆರೆದಿಟ್ಟು ನೇರ ಚುಕ್ಕಿ, ಸಂದು ಚುಕ್ಕಿ ಹಾಕುತ್ತ ಕೂತಿದ್ದಾಗ ಬಂದು ಪಕ್ಕದಲ್ಲಿ ಕೂತವಳು ನಿನ್ನ ಅಕ್ಕ. ಇವತ್ತಿಗೂ ಅವಳ ಬಾಗಿಲಿನ ಮುಂದೆ ಎಳೆ ತಪ್ಪದ ರಂಗೋಲಿ ಇರುತ್ತದೆ. ನೀನು ಜಗಲಿಗೆ ಓಡಿದವಳು. ಯಾವ ಮಗು ಯಾರ ಹುಚ್ಚಿಗೆ ಒಲಿಯುತ್ತದೆಂದು ಹೆತ್ತವರಿಗೂ ಮೊದಲೇ ತಿಳಿಯದು. ಮನೆಯಲ್ಲಿ ದೊಡ್ಡವರ ಹುಚ್ಚುಗಳು ನಾಲ್ಕಾರು ಇದ್ದವು, ನೀವು ಆರಿಸಿಕೊಂಡಿರಿ.

ಆ ಆಲ್ಬಮ್ಮಿನಿಂದ ನೀನು ಕಲಿತದ್ದೇನು ಕಡಿಮೆಯೇ? ಸ್ವಿಟ್ಜರ್ಲೆಂಡಿನ ಚೀಟಿಯ ಮೇಲೆ 'ಹೆಲ್ವೇಷಿಯಾ' ಎಂದಿರುತ್ತದೆ, ಹಂಗೇರಿಯದರ ಮೇಲೆ 'ಮಾಗ್ಯಾರ್', ಫಿನ್ಲೆಂಡಿನದರ ಮೇಲೆ 'ಸುಓಮಿ'. ಬ್ರಿಟನ್ನಿನ ಚೀಟಿಯ ಮೇಲೆ ದೇಶದ ಹೆಸರೇ ಇರುವುದಿಲ್ಲ, ಆಳುವ ರಾಜನದೋ ರಾಣಿಯದೋ ತಲೆ ಮಾತ್ರ. 1840ರಲ್ಲಿ ಜಗತ್ತಿನ ಮೊದಲ ಅಂಚೆಚೀಟಿ ತಂದವರು ಅವರೇ ಆದ್ದರಿಂದ ಆಗ ಹೆಸರು ಹಾಕುವ ಅಗತ್ಯ ಬೀಳಲಿಲ್ಲ, ಆ ಪದ್ಧತಿ ಹಾಗೇ ಉಳಿಯಿತು. ಭೂತಾನ್ 1972ರಲ್ಲಿ ಗ್ರಾಮಫೋನ್ ತಟ್ಟೆಯಂಥ ಅಂಚೆಚೀಟಿ ಹೊರಡಿಸಿತ್ತು, ನಿಜವಾಗಿಯೂ ಸೂಜಿ ಇಟ್ಟರೆ ಹಾಡು ಬರುವಂಥದ್ದು. ಅದು ಬೇಕೇಬೇಕೆಂದು ಒಂದು ಬೇಸಿಗೆಯಿಡೀ ಹಟ ಮಾಡಿದ್ದೆ.

ರಷ್ಯದ ಚೀಟಿಯ ಕಥೆ ನಾನು ಮರೆಯುವುದೇ ಇಲ್ಲ. ಸೋವಿಯತ್ ಒಕ್ಕೂಟದ ಚೀಟಿಗಳಿಗೆ ಆಲ್ಬಮ್ಮಿನಲ್ಲಿ ಎರಡು ಪುಟ ಬಿಟ್ಟಿದ್ದೆ, ಬಾಹ್ಯಾಕಾಶ ಯಾತ್ರಿಗಳ ಚಿತ್ರವಿರುವವು ಮೇಲಿನ ಸಾಲಿನಲ್ಲಿ. 1991ರ ಡಿಸೆಂಬರಿನಲ್ಲಿ ಆ ದೇಶ ಒಡೆದುಹೋಯಿತು. ಮುಂದಿನ ರಜೆಗೆ ನೀನು ಬಂದಾಗ ಹೊಸ ಕಾಗದದ ಮೇಲೆ ಹಳೆಯ ಹೆಸರು ಇರಲಿಲ್ಲ. ಹೊಸದಾಗಿ ಹುಟ್ಟಿದ ಕೆಲವು ದೇಶಗಳು ತಮ್ಮ ಚೀಟಿ ಅಚ್ಚಾಗುವವರೆಗೆ ಹಳೆಯ ಸೋವಿಯತ್ ಚೀಟಿಯ ಮೇಲೇ ತಮ್ಮ ಹೆಸರು ಒತ್ತಿಕೊಂಡು ಬಳಸಿದ್ದವು. ಅಂಥದ್ದೊಂದು ಕೈಗೆ ಸಿಕ್ಕಿತು. 'ದೊಡ್ಡಪ್ಪಾ, ದೇಶ ಎಲ್ಲಿ ಹೋಯ್ತು?' ಎಂದು ನೀನು ಕೇಳಿದ್ದಕ್ಕೆ ಅವರು ಅಟ್ಲಾಸ್ ತಂದು ಹರವಿದರು. ಸಂಜೆಯ ಸ್ಟೇಷನ್ನು ತಪ್ಪಿಹೋದರೂ ಅವರಿಗೆ ಅರಿವಾಗಲಿಲ್ಲ. ನೆಲದ ಮೇಲೆ ಬೋರಲು ಮಲಗಿ ಇಬ್ಬರೂ ಹದಿನೈದು ದೇಶಗಳ ಗಡಿ ಹುಡುಕಿದಿರಿ. ಪ್ರೈಮರಿ ಶಾಲೆಯಲ್ಲಿ ಅಷ್ಟು ವರ್ಷ ಪಾಠ ಮಾಡಿದವಳು ನಾನು. ಇತಿಹಾಸ ಒಂದು ಮಗುವಿನ ಎದೆಗೆ ಅಷ್ಟು ನೇರವಾಗಿ ತಾಗಿದ್ದನ್ನು ಕ್ಲಾಸಿನಲ್ಲಿ ಕಂಡದ್ದು ಅಪರೂಪ.

ಪಕ್ಷಿತಜ್ಞ ಸಲೀಂ ಅಲಿಯವರ ಕಥೆಯೂ ಇಂಥದ್ದೇ. ಮುಂಬಯಿಯ ಹುಡುಗ, ಆಟದ ಏರ್‌ಗನ್ನಿನಿಂದ ಒಂದು ಗುಬ್ಬಿ ಹೊಡೆದ. ಅದರ ಕತ್ತಿನ ಕೆಳಗೆ ಹಳದಿ ಮಚ್ಚೆ. ಯಾವ ಹಕ್ಕಿ ಇದು ಎಂದು ಮನೆಯಲ್ಲಿ ಕೇಳಿದಾಗ ಅವನ ಸೋದರಮಾವ ತಾನೇ ಏನೋ ಒಂದು ಉತ್ತರ ಹೇಳಿ ಕೈತೊಳೆದುಕೊಳ್ಳಲಿಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಅಲ್ಲಿ ಕಾರ್ಯದರ್ಶಿಯಾಗಿದ್ದ ಮಿಲ್ಲರ್ಡ್ ಎಂಬ ಇಂಗ್ಲಿಷ್ ಮನುಷ್ಯ ಹಕ್ಕಿಯ ಗುರುತು ಹೇಳಿದ್ದಲ್ಲದೆ, ಒಣಗಿಸಿ ತುಂಬಿಟ್ಟ ಹಕ್ಕಿಗಳ ಡ್ರಾಯರುಗಳನ್ನು ಒಂದೊಂದಾಗಿ ಎಳೆದು ತೋರಿಸಿದ. ಆ ಹುಡುಗ ಮುಂದೆ ಇಡೀ ದೇಶದ ಹಕ್ಕಿಗಳನ್ನು ಬರೆದಿಟ್ಟ. 1985ರಲ್ಲಿ ಬಂದ ತಮ್ಮ ಆತ್ಮಕಥೆಗೆ ಆ ಗುಬ್ಬಿಯ ಹೆಸರನ್ನೇ ಇಟ್ಟರು. ಇದರಲ್ಲಿ ನನಗೆ ಹಿಡಿಸುವುದು ಮಿಲ್ಲರ್ಡ್ ಪಾತ್ರ. ಅವನಿಗೆ ಹಕ್ಕಿಯೆಂದರೆ ಆಸೆ, ಮಗುವಿಗೆ ಕೊಡಲು ಸ್ವಲ್ಪ ಹೊತ್ತಿತ್ತು. ಹುಡುಗನನ್ನು ದೊಡ್ಡವನನ್ನಾಗಿ ಮಾಡಬೇಕೆಂಬ ಯೋಚನೆ ಅಲ್ಲಿ ಎಲ್ಲಿತ್ತು?

ಇಷ್ಟೆಲ್ಲ ಹೇಳಿದ್ದು ಏಕೆಂದರೆ, ಹವ್ಯಾಸ ಹೆಪ್ಪಿನ ಹಾಗೆ ಕಣೇ. ಹಾಲಿಗೆ ಒಂದು ಚಮಚ ಮೊಸರು ಬೀಳಬೇಕು, ಆಮೇಲೆ ಅಲುಗಾಡಿಸಬಾರದು. ನೀನು ಹಾಲು ಮಾತ್ರ ಹಿಡಿದುಕೊಂಡು ಆರು ಕಡೆ ಓಡುತ್ತಿದ್ದೀಯೆ. ಮೊಸರು ನಿನ್ನಲ್ಲೇ ಇದೆ. ಮಕ್ಕಳಿಗೆ ಇನ್ನೊಂದು ತರಗತಿ ಹುಡುಕುವ ಬದಲು ನೀನು ಬಿಟ್ಟದ್ದನ್ನು ನೀನೇ ಮತ್ತೆ ಹಿಡಿ. ಅವರಿಗೋಸ್ಕರ ಅಲ್ಲ, ನಿನಗೋಸ್ಕರ. ಮೊನ್ನೆ ಮದುವೆಮನೆಯಲ್ಲಿ ನಿನ್ನ ಮುಖ ನೋಡಿದಾಗಿನಿಂದ ನನಗೆ ಇದೇ ಚಿಂತೆ. ಊಟ ಚೆನ್ನಾಗಿ ಮಾಡಿದೆ, ಎಲ್ಲರ ಹತ್ತಿರ ನಗುನಗುತ್ತ ಮಾತಾಡಿದೆ, ಆದರೆ ಏನು ವಿಶೇಷ ಎಂದು ಕೇಳಿದವರಿಗೆಲ್ಲ ಮಕ್ಕಳ ಮಾರ್ಕ್ಸು, ಆಫೀಸಿನ ಗಲಾಟೆ ಎರಡೇ ಹೇಳಿದೆ. ನಿನ್ನದು ಅನ್ನುವ ಮೂರನೆಯ ಮಾತು ಬರಲಿಲ್ಲ.

'ಸಮಯ ಎಲ್ಲಿ ದೊಡ್ಡಮ್ಮಾ' ಎನ್ನುತ್ತೀಯೆಂದು ಗೊತ್ತು. ಅಂಚೆಚೀಟಿಯಲ್ಲಿ ಇದೊಂದು ಸುಖ ಇದೆ, ಅದು ಕಾಯುತ್ತದೆ. ತೋಟಕ್ಕೆ ನೀರು ಬಿಡದಿದ್ದರೆ ಒಣಗುತ್ತದೆ, ವೀಣೆ ಮುಟ್ಟದಿದ್ದರೆ ಕೈ ಮರೆಯುತ್ತದೆ. ಆಲ್ಬಂ ಮಾತ್ರ ಇಷ್ಟು ವರ್ಷ ಅಟ್ಟದಲ್ಲಿದ್ದರೂ ಹಾಳಾಗಿಲ್ಲ. ಮಳೆಗಾಲದ ತೇವ ತಾಗದಂತೆ ನಾನು ಪ್ರತಿ ಬೇಸಿಗೆ ಬಿಸಿಲು ನೋಡಿ, ನೆರಳಲ್ಲಿ ಗಾಳಿಗೆ ಬಿಡಿಸಿಟ್ಟು ತೆಗೆದಿಟ್ಟಿದ್ದೇನೆ. ಭಾನುವಾರ ಮಧ್ಯಾಹ್ನ ಕಾಫಿ ಕುಡಿದ ಮೇಲೆ ಊಟದ ಮೇಜಿನ ಮೇಲೆ ಅದನ್ನು ತೆರೆದಿಡು. ಮಕ್ಕಳನ್ನು ಕರೆಯಬೇಡ. 'ಬನ್ನಿ, ನಿಮಗೊಂದು ತೋರಿಸ್ತೀನಿ' ಎಂದರೆ ಅವರಿಗೆ ಅದು ಏಳನೆಯ ಕ್ಲಾಸು. 'ನಮ್ಮ ಕಾಲದಲ್ಲಿ ನಾವು' ಎಂದು ಶುರುಮಾಡಲೂ ಬೇಡ. ಬಾಲ್ಯದ ನೆನಪನ್ನು ಬುದ್ಧಿಮಾತಿನ ಜೊತೆ ಬಡಿಸಿದರೆ ಮಕ್ಕಳು ಮುಖ ತಿರುಗಿಸುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ. ನೀನು ನಿನ್ನ ಪಾಡಿಗೆ ಬಟ್ಟಲಲ್ಲಿ ಉಗುರುಬೆಚ್ಚಗಿನ ನೀರಿಟ್ಟು ಲಕೋಟೆಯ ತುಂಡು ನೆನೆಹಾಕು. ಚೀಟಿ ತಾನಾಗಿ ಕಾಗದ ಬಿಟ್ಟು ತೇಲುವುದನ್ನು ನೋಡಲು ಚಿಕ್ಕವಳು ಬಂದೇ ಬರುತ್ತಾಳೆ, ನೀರಿದ್ದಲ್ಲಿ ಅವಳಿರುತ್ತಾಳೆ. ದೊಡ್ಡವನು ಬರದಿದ್ದರೆ ಬರದಿರಲಿ. ಅವನಿಗೆ ಒಲಿಯುವುದು ಅವನ ಅಪ್ಪನ ಹತ್ತಿರ ಇರಬಹುದು. ಅಳಿಯಂದಿರು ಮದುವೆಯ ಹೊಸತರಲ್ಲಿ ಕೊಳಲು ಊದುತ್ತಿದ್ದರು, ಈಗ ಅದರ ಸುದ್ದಿಯೇ ಇಲ್ಲ. ಅವರನ್ನೂ ಕೇಳಿದೆನೆಂದು ಹೇಳು.

ಕೈ ಮರೆತಿರಬಹುದು ಎಂದು ಒಂದೆರಡು ವಿಷಯ ಹೇಳುತ್ತೇನೆ. ಚೀಟಿಯ ಸುತ್ತ ಕಾಗದ ಸ್ವಲ್ಪ ಬಿಟ್ಟೇ ಕತ್ತರಿಸು, ಅಂಚಿನ ಹಲ್ಲು ಒಂದು ಹೋದರೂ ಚೀಟಿಯ ಬೆಲೆ ಹೋಯಿತು. ಬಣ್ಣದ ಲಕೋಟೆಯ ತುಂಡುಗಳಿಗೆ ಬೇರೆ ಬಟ್ಟಲು, ಇಲ್ಲದಿದ್ದರೆ ಬಣ್ಣ ಬಿಟ್ಟು ಉಳಿದವನ್ನೂ ಕೆಡಿಸುತ್ತದೆ. ಒದ್ದೆಯಿದ್ದಾಗ ಉಜ್ಜಬೇಡ. ಮುಖ ಕೆಳಗೆ ಮಾಡಿ ಒಣಗಿಸಿ, ಆಮೇಲೆ ದಪ್ಪ ಪುಸ್ತಕದಡಿ ಇಡು. ಸೆಲ್ಲೋ ಟೇಪು ಮಾತ್ರ ಹತ್ತಿರ ಸೇರಿಸಬೇಡ. ನಿನ್ನ ಅಣ್ಣ ಟೇಪು ಹಚ್ಚಿದ ಪುಟ ಈಗ ನೋಡು, ಅಷ್ಟಕ್ಕೂ ಕಂದು ಬಣ್ಣದ ಕಲೆ.

ಈಗ ಕಾಗದ ಬರೆಯುವವರೇ ಇಲ್ಲ, ಚೀಟಿ ಎಲ್ಲಿಂದ ತರಲಿ ಅಂತೀಯ. ನಿಮ್ಮ ಬೆಂಗಳೂರಿನ ಜನರಲ್ ಪೋಸ್ಟ್ ಆಫೀಸಿನಲ್ಲಿ ಸಂಗ್ರಹಕಾರರಿಗೆಂದೇ ಬೇರೆ ವಿಭಾಗ ಇದೆ. ಅಲ್ಲಿ 200 ರೂಪಾಯಿ ಠೇವಣಿ ಇಟ್ಟು ಖಾತೆ ತೆರೆದರೆ ಹೊಸ ಚೀಟಿಗಳು ಬಂದ ಹಾಗೆ ಮನೆಗೇ ಕಳಿಸುತ್ತಾರೆ. ಮೆಟ್ರೊದಲ್ಲಿ ವಿಧಾನಸೌಧದ ಹತ್ತಿರ ಇಳಿದರೆ ನಡೆದೇ ಹೋಗಬಹುದು; ಮಕ್ಕಳು ಕೂಡ ಬಂದರೆ ಆ ಕಲ್ಲಿನ ಕಟ್ಟಡ ನೋಡಿದ ಹಾಗೂ ಆಯಿತು. ಚಿಕ್ಕವಳಿಗೆ ವಾಸನೆಯ ಚೀಟಿ ಕೊಡಿಸು. ನಮ್ಮ ದೇಶದಲ್ಲಿ 2006ರಲ್ಲಿ ಶ್ರೀಗಂಧದ ವಾಸನೆಯದು ಬಂತು, 2017ರಲ್ಲಿ ಕಾಫಿಯದು. ನಿನ್ನ ಆಲ್ಬಮ್ಮಿನ ಭಾರತದ ಪುಟಗಳಲ್ಲಿ ಪುರಂದರದಾಸರು 1964, ಬಸವಣ್ಣ 1967 ಇದ್ದಾರೆ. ವಿಶ್ವೇಶ್ವರಯ್ಯನವರ 1960ರ ಚೀಟಿ ಇಲ್ಲ. ಅವರು ಬದುಕಿದ್ದಾಗಲೇ, ನೂರರ ಹೊಸ್ತಿಲಲ್ಲಿ ಬಂದದ್ದು ಅದು. ಎರಡು ವರ್ಷ ಮೊದಲು ಇಂಥ ಗೌರವ ಮಹರ್ಷಿ ಕರ್ವೆಯವರಿಗೆ ಸಿಕ್ಕಿತ್ತು. ಆ ಜಾಗ ಖಾಲಿ ಬಿಟ್ಟು ಪೆನ್ಸಿಲ್ಲಿನಲ್ಲಿ ಹೆಸರು ಬರೆದಿಟ್ಟಿದ್ದೀಯೆ. ಹುಡುಕು, ಹಳೆಯ ಚೀಟಿ ಮಾರುವವರ ಹತ್ತಿರ ಸಿಗುತ್ತದೆ.

ಇನ್ನೊಂದು ಮಾತು. ಇದನ್ನು ಯಾವ ಸ್ಪರ್ಧೆಗೂ ಒಯ್ಯಬೇಡ, ಕನಿಷ್ಠ ಈ ಬೇಸಿಗೆಯಲ್ಲಿ. ಮಗಳು ನಾಲ್ಕು ಚೀಟಿ ಅಂಟಿಸಿದ ಕೂಡಲೇ ಫೋಟೊ ತೆಗೆದು ಗುಂಪಿಗೆಲ್ಲ ಹಾಕಿ, ಎಲ್ಲರೂ ಭೇಷ್ ಎಂದರೆ, ಮಗು ಮಾರನೆಯ ದಿನದಿಂದ ಆ ಭೇಷ್‌ಗಾಗಿ ಅಂಟಿಸಲು ಶುರುಮಾಡುತ್ತದೆ. ಶಾಲೆಯಲ್ಲಿ ಇದನ್ನು ಬಹಳ ಕಂಡಿದ್ದೇನೆ. ಚೆನ್ನಾಗಿ ಚಿತ್ರ ಬರೆಯುತ್ತಿದ್ದ ಮಕ್ಕಳು ಬಹುಮಾನ ತಪ್ಪಿದ ವರ್ಷ ಬಣ್ಣದ ಪೆಟ್ಟಿಗೆ ಮುಚ್ಚಿಟ್ಟುಬಿಡುತ್ತಿದ್ದರು. ಮಗು ಎರಡು ವಾರ ಆಡಿ ಬಿಟ್ಟರೂ 'ಇಷ್ಟು ಖರ್ಚು ಮಾಡಿದ್ದೆಲ್ಲ ದಂಡ' ಎನ್ನಬೇಡ. ಬಿಡಲಿ. ನೀನು ಮುಂದುವರಿಸು.

ಅಂಚೆಚೀಟಿ ಬಿಟ್ಟು ಬೇರೆ ಏನಾದರೂ ಸಣ್ಣದು, ಒಂದೇ ದಿನದ್ದು ಬೇಕೆನಿಸಿದರೆ, ಏಪ್ರಿಲ್ 24ರಂದು ತಾರಸಿಯ ಬೀಗದ ಕೈ ಕೇಳಿ ಇಸಿದುಕೊ. ಆ ದಿನದ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಮಧ್ಯಾಹ್ನ 12 ಗಂಟೆ 17 ನಿಮಿಷದ ಹೊತ್ತಿಗೆ ನೆಟ್ಟಗೆ ನಿಲ್ಲಿಸಿದ ನೀರಿನ ಬಾಟಲಿಯ ನೆರಳು ಅದರ ಬುಡದಲ್ಲೇ ಅಡಗುತ್ತದೆ. ನಮ್ಮ ಸಾಗರದಲ್ಲಿ ಇದಾಗುವುದು ನಾಲ್ಕು ದಿನ ತಡವಾಗಿ, ಸೂರ್ಯ ಉತ್ತರಕ್ಕೆ ಸರಿಯುತ್ತ ಬರುತ್ತಾನಲ್ಲ. ನಾನು ಇಲ್ಲಿ ಅಂಗಳದಲ್ಲಿ ಒನಕೆ ನಿಲ್ಲಿಸಿ ನೋಡುತ್ತೇನೆ, ಮಕ್ಕಳು ಅಲ್ಲಿ ನೋಡಿ ಫೋನು ಮಾಡಲಿ. ಮೊಬೈಲಿಗೆ ಅಂಥ ಕೆಲಸ ಕೊಟ್ಟರೆ ನನ್ನ ತಕರಾರಿಲ್ಲ.

ಆಲ್ಬಮ್ಮನ್ನು ಹಳೆಯ ಸೀರೆಯಲ್ಲಿ ಸುತ್ತಿ, ಮಿಡಿ ಉಪ್ಪಿನಕಾಯಿಯ ಜಾಡಿಗೆ ತಾಗದಂತೆ ಬೇರೆ ಚೀಲದಲ್ಲಿ ಹಾಕಿದ್ದೇನೆ. ಶುಕ್ರವಾರ ರಾತ್ರಿ ಬಸ್ಸಿಗೆ ಬರುವ ನಿನ್ನ ತಮ್ಮನ ಕೈಯಲ್ಲಿ ಕಳಿಸುತ್ತೇನೆ. ದೊಡ್ಡಪ್ಪನ ಚಪ್ಪಟೆ ತುದಿಯ ಚಿಮುಟವೂ ಅದರಲ್ಲಿದೆ, ಬೆರಳಿನ ಬೆವರು ಚೀಟಿಗೆ ತಾಗಬಾರದು. ಕೋಡಿಂಗ್ ತರಗತಿಗೆ ಇನ್ನೂ ದುಡ್ಡು ಕಟ್ಟಿಲ್ಲ ಅಂದೆಯಲ್ಲ, ಕಟ್ಟಬೇಡ. ಮೇ ಮೂರನೆಯ ವಾರ ನಿನಗೆ ರಜೆ ಸಿಕ್ಕಿದರೆ ನಾಲ್ಕೂ ಜನ ಇಲ್ಲಿಗೆ ಬನ್ನಿ, ಆ ಹೊತ್ತಿಗೆ ಹಲಸು ಬಲಿತಿರುತ್ತದೆ, ಹಪ್ಪಳ ಒತ್ತುವುದಕ್ಕೆ ಕೈ ಬೇಕು. ಅಳಿಯಂದಿರಿಗೆ ಕೊಳಲು ತರಲು ಹೇಳು.

ನಿನ್ನ,
ದೊಡ್ಡಮ್ಮ